ಮೂರು ಹಳೆಯ ಕಾರು, ಒಂದು ನೋಟ್‌ಪುಸ್ತಕ

ಭರಮಸಾಗರ ದಾಟಿ ಎರಡು ಕಿಲೋಮೀಟರ್ ಹೋಗಿರಲಿಲ್ಲ, ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. 2007ರ ಮೇ ತಿಂಗಳು, ಮಧ್ಯಾಹ್ನ ಎರಡರ ಹೊತ್ತು. ಹಿಂದಿನ ಸೀಟಿನ ತುಂಬ ಮೆಕ್ಕೆಜೋಳದ ಬಿತ್ತನೆ ಬೀಜದ ಚೀಲಗಳು. ಐದು ಗಂಟೆಯೊಳಗೆ ತಲುಪಿಸುತ್ತೇನೆ ಎಂದು ಚಿತ್ರದುರ್ಗದ ಅಂಗಡಿಯವರಿಗೆ ಮಾತು ಕೊಟ್ಟಿದ್ದೆ. ಬಾನೆಟ್ ಎತ್ತಿದೆ. ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ರಾಚಿತು. ಹೊಗೆ ಇಲ್ಲ, ಸುಟ್ಟ ವಾಸನೆ ಇಲ್ಲ, ಕಿತ್ತು ಬಂದ ತಂತಿ ಇಲ್ಲ. ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರ್ ಚೆನ್ನಾಗಿಯೇ ತಿರುಗುತ್ತಿತ್ತು, ಎಂಜಿನ್ ಮಾತ್ರ ಚಾಲೂ ಆಗುತ್ತಿರಲಿಲ್ಲ. ಆ ತಿಂಗಳಲ್ಲಿ ಅದು ಮೂರನೇ ಸಲ.

ಈರುಳ್ಳಿ ತುಂಬಿದ ಲಾರಿಯೊಂದು ಮುಂದೆ ಹೋಗಿ ನಿಂತಿತು. ಚಾಲಕ ಇಳಿದು ಬಂದು ನನ್ನನ್ನು ಏನೂ ಕೇಳದೆ ಹೆಗಲ ಮೇಲಿನ ಟವೆಲ್ಲನ್ನು ನೀರಿನಲ್ಲಿ ನೆನೆಸಿ, ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿದ್ದ ಪೆಟ್ರೋಲ್ ಪಂಪಿನ ಮೇಲೆ ಹಾಕಿದ. ಚುಂಯ್ ಎಂದು ಆವಿ ಎದ್ದಿತು. "ಹತ್ತು ನಿಮಿಷ ಬಿಡಿ ಅಣ್ಣಾ, ಪೈಪಿನಲ್ಲಿ ಪೆಟ್ರೋಲ್ ಕುದಿಯುತ್ತಿದೆ" ಎಂದ. ಹತ್ತು ನಿಮಿಷದ ನಂತರ ಗಾಡಿ ಮೊದಲ ತಿರುವಿಗೇ ಚಾಲೂ ಆಯಿತು. ಆ ಹೊತ್ತಿಗೆ ಇದೇ ಕಾಯಿಲೆಗೆಂದು ನಾನು ಕಿಡಿ ಕೊಡುವ ಕಾಯಿಲ್, ನಾಲ್ಕು ಪ್ಲಗ್, ಪಂಪಿನ ಕಿಟ್ ಎಲ್ಲ ಹೊಸದು ಹಾಕಿಸಿ ನಾಲ್ಕು ಸಾವಿರಕ್ಕಿಂತ ಹೆಚ್ಚು ಕಳೆದಿದ್ದೆ.

ದಾವಣಗೆರೆಯಲ್ಲಿ ಬಿತ್ತನೆ ಬೀಜ ವಿತರಣೆ ನನ್ನ ಕಸುಬು. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಜಗಳೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಸುತ್ತಲೇಬೇಕು. ಮಳೆ ಬಿದ್ದ ಮರುದಿನ ರೈತ ಬೀಜ ಕೇಳುತ್ತಾನೆ, ಆ ದಿನ ಅಂಗಡಿಯಲ್ಲಿ ಇಲ್ಲದಿದ್ದರೆ ಬೇರೆಯವರದು ಕೊಳ್ಳುತ್ತಾನೆ. ಬಿಸಿಲು ಅತಿ ಹೆಚ್ಚಿರುವ ಎರಡು ತಿಂಗಳಲ್ಲೇ ನನ್ನ ಗಾಡಿ ಅತಿ ಹೆಚ್ಚು ಓಡಬೇಕು. ಹೊಸ ಕಾರಿಗೆ ಕೈ ಎಟುಕುತ್ತಿರಲಿಲ್ಲ. ಹೀಗಾಗಿ 2006ರಿಂದ ಇಲ್ಲಿಯವರೆಗೆ ಮೂರು ಹಳೆಯ ಕಾರುಗಳನ್ನು ಇಟ್ಟುಕೊಂಡಿದ್ದೇನೆ. ಅವು ಎಲ್ಲೆಲ್ಲಿ ನಿಂತವು, ಏಕೆ ನಿಂತವು, ನಾನು ಏನು ಮಾಡಿದೆ ಎಂಬುದಷ್ಟೇ ಈ ಬರಹ. ಕಂಪನಿಗಳ ಹೆಸರು ಬೇಕಿಲ್ಲ. ಹತ್ತು ವರ್ಷ ದಾಟಿದ ಯಾವ ಗಾಡಿಗೂ ಈ ಕಾಯಿಲೆಗಳು ಬರುತ್ತವೆ.

ಪಿ.ಬಿ. ರಸ್ತೆಗೆ ಸೇರುವ ಓಣಿಯೊಂದರಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಗ್ಯಾರೇಜ್ ನಡೆಸುತ್ತಿದ್ದರು. ಭರಮಸಾಗರದ ಘಟನೆಯ ಮರುದಿನ ಅವರ ಬಳಿ ಹೋದೆ. ಅವರು ಬಾನೆಟ್ ಎತ್ತಲಿಲ್ಲ, ಸ್ಟೂಲಿನ ಮೇಲೆ ಕೂತು ಮೂರು ಪ್ರಶ್ನೆ ಕೇಳಿದರು. "ಎಷ್ಟು ದೂರ ಓಡಿದ ಮೇಲೆ ನಿಂತಿತು? ನಿಲ್ಲುವ ಮೊದಲು ಏನು ಮಾಡಿತು? ಎಷ್ಟು ಹೊತ್ತಿನ ಮೇಲೆ ಮತ್ತೆ ಚಾಲೂ ಆಯಿತು?" ಹಿಂದಿನ ಎರಡು ಸಲದ್ದು ನನಗೆ ಒಂದೂ ನೆನಪಿರಲಿಲ್ಲ. "ಸಾಹೇಬರೇ, ಡಾಕ್ಟರ ಹತ್ತಿರ ಹೋಗಿ ಹೊಟ್ಟೆನೋವು ಎಂದಷ್ಟೇ ಹೇಳಿದರೆ ಅವರು ಯಾವ ಗುಳಿಗೆ ಕೊಡಬೇಕು? ಬರೆದುಕೊಂಡು ಬನ್ನಿ" ಎಂದು ಕಳಿಸಿದರು. ಮನೆಗೆ ಹೋಗುವ ದಾರಿಯಲ್ಲೇ 200 ಪುಟದ ನೋಟ್‌ಪುಸ್ತಕ ಕೊಂಡೆ.

ಮೂರು ವಾರದಲ್ಲಿ ಕಾರು ಇನ್ನೂ ನಾಲ್ಕು ಸಲ ನಿಂತಿತು. ನಾಲ್ಕನ್ನೂ ಬರೆದೆ. ಒಂದು ಸಲ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಹದಿನೈದು ನಿಮಿಷ ಕಾದು ಹೊರಟ ಕೂಡಲೇ. ಇನ್ನೊಂದು ಸಲ ಆನಗೋಡಿನಲ್ಲಿ ಚಹಾ ಕುಡಿದು ಹೊರಟ ಕೆಲವೇ ನಿಮಿಷದಲ್ಲಿ. ಮತ್ತೆರಡು ಸಲ ಅಂಗಡಿಯ ಮುಂದೆ ಚೀಲ ಇಳಿಸಿದ ಮೇಲೆ. ಪುಟ ತಿರುವಿ ನೋಡಿದಾಗ ಕಣ್ಣಿಗೆ ಹೊಡೆದಂತೆ ಕಂಡಿತು. ಓಡುತ್ತಿರುವಾಗ ಅದು ನಿಂತೇ ಇಲ್ಲ. ಬಿಸಿ ಎಂಜಿನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಹೊರಟಾಗ ಮಾತ್ರ ನಿಲ್ಲುತ್ತದೆ. ಭರಮಸಾಗರದ ದಿನವೂ ನಾನು ಊರಿನೊಳಗೆ ಎಳನೀರಿಗೆಂದು ನಿಂತಿದ್ದೆ, ಅದು ಆಮೇಲೆ ನೆನಪಾಯಿತು.

ಪುಸ್ತಕ ನೋಡಿದ ಮೇಸ್ತ್ರಿ ನೇರವಾಗಿ ಪೆಟ್ರೋಲ್ ಪೈಪಿಗೆ ಕೈ ಹಾಕಿದರು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಪಂಪ್ ಎಂಜಿನ್ನಿನ ಮೈಗೇ ಕೂತಿರುತ್ತದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀರುವ ಕಡೆ ಒತ್ತಡ ಕಡಿಮೆ, ಆದ್ದರಿಂದ ಅಲ್ಲಿ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಗಾಡಿ ಓಡುವಾಗ ಗಾಳಿ ಬಡಿದು ತಣ್ಣಗಿರುತ್ತದೆ. ನಿಂತರೆ ಎಂಜಿನ್ನಿನ ಬಿಸಿಯೆಲ್ಲ ಪಂಪಿಗೆ ಏರುತ್ತದೆ, ಪೈಪಿನಲ್ಲಿ ಆವಿಯ ಗುಳ್ಳೆ ಕೂರುತ್ತದೆ, ಪಂಪ್ ಪೆಟ್ರೋಲಿನ ಬದಲು ಆವಿಯನ್ನೇ ಹೀರುತ್ತದೆ. ನನ್ನ ಗಾಡಿಯಲ್ಲಿ ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಲೋಹದ ಪೈಪ್ ಕಿತ್ತು ರಬ್ಬರ್ ಪೈಪ್ ಹಾಕಿದ್ದರು. ಅದು ಹೊಗೆ ಹೋಗುವ ಮ್ಯಾನಿಫೋಲ್ಡಿಗೆ ಬೆರಳಿನಷ್ಟು ದೂರದಲ್ಲಿ ಹಾದುಹೋಗಿತ್ತು. ಪಂಪಿಗೂ ಎಂಜಿನ್ನಿಗೂ ನಡುವೆ ಇರಬೇಕಾದ, ಬಿಸಿ ತಡೆಯುವ ದಪ್ಪ ಬಿಲ್ಲೆಯೂ ಮಾಯವಾಗಿತ್ತು. ಪೈಪನ್ನು ಬೇರೆ ದಾರಿಯಲ್ಲಿ ಎಳೆದು, ಬಿಲ್ಲೆ ಹಾಕಿದರು. ಖರ್ಚು 350 ರೂಪಾಯಿ. ಆ ಕಾರು ಮತ್ತೆ ಆ ಕಾರಣಕ್ಕೆ ನಿಲ್ಲಲಿಲ್ಲ.

ಅಂದಾಜಿನಲ್ಲಿ ಭಾಗ ಬದಲಿಸುವುದನ್ನು ನಾನು ಅಂದೇ ಬಿಟ್ಟೆ ಎಂದು ಬರೆಯಲು ಆಸೆಯಿದೆ, ಆದರೆ ಅದು ನಿಜವಲ್ಲ. ಅದಕ್ಕೆ ಇನ್ನೂ ಎರಡು ಪೆಟ್ಟು ಬೇಕಾದವು.

ಮೊದಲನೆಯದು ನೀರಿನ ಪೆಟ್ಟು. 2008ರ ಏಪ್ರಿಲ್‌ನಲ್ಲಿ ಜಗಳೂರಿಗೆ ಹೊರಟಿದ್ದೆ. ಬಿಳಿಚೋಡಿನ ಆಚೆ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಗಾಡಿಯನ್ನು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದೆ. ಅವಸರ ತಡೆಯಲಿಲ್ಲ. ಟವೆಲ್ ಮಡಚಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಮುಂದಿನ ಕ್ಷಣ ಕುದಿಯುವ ನೀರು ಬುಗ್ಗೆಯಂತೆ ಚಿಮ್ಮಿ ಬಲ ಮುಂಗೈಯಿಂದ ಮೊಣಕೈವರೆಗೆ ಸುಟ್ಟಿತು. ಆ ಗುರುತು ಇವತ್ತಿಗೂ ಇದೆ. ಪಕ್ಕದ ಹೊಲದ ರೈತರು ಬೋರ್‌ವೆಲ್ ಚಾಲೂ ಮಾಡಿ ಇಪ್ಪತ್ತು ನಿಮಿಷ ನನ್ನ ಕೈಯನ್ನು ನೀರಿನ ಧಾರೆಯ ಕೆಳಗೆ ಹಿಡಿಸಿದರು. ಆ ಉಪಕಾರ ದೊಡ್ಡದು.

ಬಿಸಿಯಿರುವಾಗ ಮುಚ್ಚಳ ತೆಗೆಯಬಾರದು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಕಾರಣವನ್ನು ಯಾರೂ ಹೇಳುವುದಿಲ್ಲ. ಆ ಮುಚ್ಚಳ ಕುಕ್ಕರಿನ ವೇಟ್ ಇದ್ದಂತೆ. ಒಳಗಿನ ನೀರನ್ನು ಹೊರಗಿನದಕ್ಕಿಂತ ಸುಮಾರು ಇಮ್ಮಡಿ ಒತ್ತಡದಲ್ಲಿ ಹಿಡಿದಿಡುತ್ತದೆ. ಹಾಗೆ ಹಿಡಿದಿಟ್ಟರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರದವರೆಗೆ ತಡೆಯುತ್ತದೆ. ಮುಚ್ಚಳ ಸಡಿಲವಾದ ಗಳಿಗೆಯಲ್ಲಿ ಒತ್ತಡ ಇಳಿದು, 100 ಡಿಗ್ರಿ ಮೀರಿದ ಆ ನೀರು ಒಮ್ಮೆಗೇ ಕುದಿದು ಆವಿಯಾಗಿ ಎಲ್ಲವನ್ನೂ ಹೊರಕ್ಕೆ ದೂಡುತ್ತದೆ. ಇದನ್ನು ಯಾರಾದರೂ ಮೊದಲೇ ಹೀಗೆ ಬಿಡಿಸಿ ಹೇಳಿದ್ದರೆ ನಾನು ಅರ್ಧ ಗಂಟೆ ಮರದ ಕೆಳಗೆ ಸುಮ್ಮನೆ ಕೂರುತ್ತಿದ್ದೆ. ದಯವಿಟ್ಟು ಕೂರಿ. ಮೇಲಿನ ದಪ್ಪ ರಬ್ಬರ್ ಪೈಪನ್ನು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಅದು ಹಿಸುಕಿದರೆ ಮೆತ್ತಗೆ ಒಳಗೆ ಹೋಗುವವರೆಗೆ ಮುಚ್ಚಳಕ್ಕೆ ಕೈ ಹಚ್ಚಬೇಡಿ. ತಣ್ಣಗಾಗದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿರುಕು ಬಿಡಬಹುದು.

ಆ ಕಾರಿನ ರೇಡಿಯೇಟರ್ ತಾಮ್ರ, ಹಿತ್ತಾಳೆಯದು. ರೇಡಿಯೇಟರ್ ರಿಪೇರಿ ಮಾಡುವವರು ಮೇಲಿನ ತೊಟ್ಟಿಯ ಬೆಸುಗೆಯನ್ನು ಗ್ಯಾಸ್ ಉರಿಯಿಂದ ಕರಗಿಸಿ ಬಿಡಿಸಿದರು. ಒಳಗಿನ ಸಣ್ಣ ಕೊಳವೆಗಳ ಬಾಯಿ ಸಾಲಾಗಿ ಕಂಡಿತು, ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ತಗಡಿನ ಉದ್ದನೆಯ ಪಟ್ಟಿಯನ್ನು ಒಂದೊಂದೇ ಕೊಳವೆಯಲ್ಲಿ ತೂರಿಸಿ ತಳ್ಳಿದಾಗ, ಹಳೆಯ ಗೋಡೆಯಿಂದ ಸುಣ್ಣದ ಹೊಪ್ಪಳೆ ಉದುರುವಂತೆ ಬಿಳಿ ಚೂರುಗಳು ಉದುರಿದವು. ಕೆಳಗೆ ಹಾಸಿದ ಪತ್ರಿಕೆಯ ಮೇಲೆ ಒಂದು ಬೊಗಸೆಯಷ್ಟು ಸೇರಿತು. ಅವರು ಒಂದು ಚೂರನ್ನು ಉಗುರಿನಿಂದ ಪುಡಿ ಮಾಡಿ ನನ್ನ ಕಣ್ಣ ಮುಂದೆ ಹಿಡಿದು, "ಇದು ಗಾಡಿಯದಲ್ಲ, ನಿಮ್ಮ ನೀರಿನದು" ಎಂದರು.

ನಿಜ. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಬಚ್ಚಲ ಹಂಡೆಯ ಒಳಗೆ ಅದೇ ಬಿಳಿ ಪದರ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ನೀರು ಕಡಿಮೆಯಾದಾಗಲೆಲ್ಲ ಅದೇ ನೀರನ್ನು ಕೊಡದಲ್ಲಿ ತಂದು ರೇಡಿಯೇಟರಿಗೆ ಹೊಯ್ಯುತ್ತಿದ್ದೆ. ದಾವಣಗೆರೆ, ಚಿತ್ರದುರ್ಗದ ಬಹುಪಾಲು ಬೋರ್‌ವೆಲ್‌ಗಳದು ಇದೇ ಕಥೆ. ಅಂದಿನಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್, ಗಾಡಿಯ ಕೈಪಿಡಿ ಹೇಳಿದ ಪ್ರಮಾಣದಲ್ಲಿ ಬೆರೆಸಿದ್ದು ಬಿಟ್ಟರೆ ಬೇರೇನನ್ನೂ ಹಾಕಿಲ್ಲ. ಚಳಿ ದೇಶದವರಿಗೆ ಬೇಕಾದದ್ದು ಕೂಲಂಟ್, ನಮಗೇಕೆ ಎನ್ನುವವರು ಈಗಲೂ ಇದ್ದಾರೆ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಕೆಲಸ ಮಾತ್ರ. ಕುದಿಯುವ ಬಿಂದುವನ್ನು ಏರಿಸುವುದು, ಒಳಗೆ ತುಕ್ಕು ಹಿಡಿಯದಂತೆ ಕಾಯುವುದು ನಮ್ಮ ಬಿಸಿಲಿಗೇ ಬೇಕಾದ ಕೆಲಸಗಳು.

ಅದೇ ದಿನ ಇನ್ನೊಂದು ಗೊತ್ತಾಯಿತು. ನನ್ನ ಗಾಡಿಯಲ್ಲಿ ಥರ್ಮೋಸ್ಟಾಟೇ ಇರಲಿಲ್ಲ. "ನಮ್ಮ ಕಡೆಯ ಬಿಸಿಲಿಗೆ ಅದು ಬೇಡ" ಎಂದು ಯಾರೋ ಕಿತ್ತು ಎಸೆದಿದ್ದರು. ಈ ಮಾತನ್ನು ಎಷ್ಟೋ ಗ್ಯಾರೇಜುಗಳಲ್ಲಿ ಕೇಳಿದ್ದೇನೆ, ಇದರಷ್ಟು ಹಾನಿ ಮಾಡಿದ ಸಲಹೆ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಎಂಜಿನ್ 80 ಡಿಗ್ರಿ ದಾಟುವವರೆಗೆ ನೀರನ್ನು ತಡೆದು, ಆಮೇಲೆ ಬಾಗಿಲು ತೆರೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಣ್ಣೆಯಲ್ಲಿ ತೇವ ಉಳಿದು ರಾಡಿಯಾಗುತ್ತದೆ. ರೇಡಿಯೇಟರ್ ಕಟ್ಟಿಕೊಂಡದ್ದಕ್ಕೆ ಥರ್ಮೋಸ್ಟಾಟ್ ಕೀಳುವುದೆಂದರೆ ಜ್ವರ ಬಂದವನ ಥರ್ಮಾಮೀಟರ್ ಒಡೆದಂತೆ. ಹೊಸದು ಹಾಕಿಸಿದ ಮೇಲೆ ಲೀಟರಿಗೆ ಒಂದೂವರೆ ಕಿಲೋಮೀಟರ್ ಹೆಚ್ಚು ಸಿಕ್ಕಿತು. ಪುಸ್ತಕದಲ್ಲಿ ಲೆಕ್ಕವಿದೆ.

ಆ ಕಾರಿನದು ಇನ್ನೂ ಕೆಲವು ಪುಟಗಳಿವೆ. ಫ್ಯಾನ್ ಬೆಲ್ಟ್ ಎರಡು ಸಲ ಹರಿಯಿತು. ಒಮ್ಮೆ ಹರಿಹರದಲ್ಲಿ ಕ್ಲಚ್ ಕೇಬಲ್ ತುಂಡಾಗಿ, ಕ್ಲಚ್ ಇಲ್ಲದೆಯೇ ದಾವಣಗೆರೆಯವರೆಗೆ ತಂದೆ. ಎಂಜಿನ್ ಆರಿಸಿ, ಮೊದಲ ಗೇರಿಗೆ ಹಾಕಿ ಕೀಲಿ ತಿರುಗಿಸಿದರೆ ಸೆಲ್ಫಿನ ಬಲದಲ್ಲೇ ಗಾಡಿ ಕದಲಿ ಚಾಲೂ ಆಗುತ್ತದೆ. ಆಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಎಂಜಿನ್ನಿನ ಸದ್ದು ಇಳಿಯುವುದನ್ನು ಕಾದು ಎರಡನೇ ಗೇರನ್ನು ಮೆಲ್ಲಗೆ ಒತ್ತಿ ಹಿಡಿದರೆ ತಾನಾಗಿ ಬೀಳುತ್ತದೆ. ಖಾಲಿ ರಸ್ತೆಯಲ್ಲಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಮಾಡುವ ಕೆಲಸ ಅದು. 1996ರ ಗಾಡಿಯಾದ್ದರಿಂದ 2011ಕ್ಕೆ ಅದರ ನೋಂದಣಿಯ 15 ವರ್ಷ ಮುಗಿಯಿತು. ಪರೀಕ್ಷೆಗೆ ಒಡ್ಡಿ ಐದು ವರ್ಷಕ್ಕೆ ನವೀಕರಿಸಿ, ಮರುವರ್ಷ ಮಾರಿದೆ.

2012ರಲ್ಲಿ ಕೊಂಡದ್ದು ಡೀಸೆಲ್ ಕಾರು. ಎರಡನೇ ಪೆಟ್ಟು ಅದರಲ್ಲಿ ಬಿದ್ದದ್ದು.

ಹೊಳಲ್ಕೆರೆಯಲ್ಲಿ ನಂಟರ ಮದುವೆ. ಹಿಂದಿನ ದಿನದ ಆರತಕ್ಷತೆ ಮುಗಿಸಿ ರಾತ್ರಿ ಒಂಬತ್ತೂವರೆಗೆ ಹೊರಟೆವು. ಹೆಂಡತಿ, ಅತ್ತೆ ಹಿಂದೆ ಕೂತಿದ್ದರು. ಕೀಲಿ ತಿರುಗಿಸಿದೆ. ಟಕ್ ಎಂಬ ಒಂದೇ ಸದ್ದು. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಛತ್ರದ ಹುಡುಗರು ಸೇರಿ ತಳ್ಳಿ ಚಾಲೂ ಮಾಡಿಕೊಟ್ಟರು. ದಾರಿಯುದ್ದಕ್ಕೂ ಎಂಜಿನ್ ಆರಿಸದೆ ಬಂದೆವು. ಮರುದಿನ ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿಸಿದೆ. ಎರಡು ತಿಂಗಳ ನಂತರ ಮತ್ತೆ ಟಕ್. ಬ್ಯಾಟರಿಯೇ ಸರಿಯಿಲ್ಲ ಎಂದುಕೊಂಡು ಜಗಳವಾಡಿ, ಕೊನೆಗೆ ಕೈಯಿಂದಲೇ ಹಣ ಹಾಕಿ ಇನ್ನೊಂದು ಕಂಪನಿಯದನ್ನು ಕೊಂಡೆ. ಎರಡಕ್ಕೂ ಸೇರಿ ಒಂಬತ್ತು ಸಾವಿರದ ಮೇಲೆ ಹೋಯಿತು. ಮಳೆಗಾಲದಲ್ಲಿ ಮತ್ತೆ ಅದೇ ಸದ್ದು.

ಅಷ್ಟು ಹೊತ್ತಿಗೆ ಮೇಸ್ತ್ರಿಯವರ ಮಗ ಗ್ಯಾರೇಜಿಗೆ ಬಂದಿದ್ದ. ಅವನ ಕೈಯಲ್ಲಿ ವಿದ್ಯುತ್ ಅಳೆಯುವ ಮಲ್ಟಿಮೀಟರ್. ಮೊದಲು ಬ್ಯಾಟರಿಯ ಎರಡು ತುದಿಗೆ ಹಿಡಿದ, 12.6 ವೋಲ್ಟ್. "ಇದು ತುಂಬಿದೆ ಅಂಕಲ್, ಇದರದೇನೂ ತಪ್ಪಿಲ್ಲ" ಎಂದ. ಆಮೇಲೆ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು ಕೀಲಿ ತಿರುಗಿಸಲು ಹೇಳಿದ. ಎರಡೂ ಒಂದೇ ಎಂದು ನಾನು ತಿಳಿದಿದ್ದೆ, ಸೊನ್ನೆ ತೋರಿಸಬೇಕಿತ್ತು. ತೋರಿಸಿದ್ದು 2.8 ವೋಲ್ಟ್. ಅರ್ಧ ವೋಲ್ಟ್ ದಾಟಿದರೇ ತಪ್ಪು. ಮೇಸ್ತ್ರಿ ಕೂತಲ್ಲಿಂದಲೇ, "ಕರೆಂಟು ಹೋಗುವ ದಾರಿ ನೋಡಿದಿರಿ, ವಾಪಸ್ ಬರುವ ದಾರಿ ನೋಡಲಿಲ್ಲ" ಎಂದರು.

ಬ್ಯಾಟರಿಯ ತಟ್ಟೆಯ ಕೆಳಗೆ ಜಡೆ ಹೆಣೆದಂತಹ ತಾಮ್ರದ ಪಟ್ಟಿಯೊಂದು ಎಂಜಿನ್ನಿನಿಂದ ಗಾಡಿಯ ಲೋಹದ ಮೈಗೆ ಬಂದಿತ್ತು, ಕರೆಂಟು ವಾಪಸ್ ಬರುವ ದಾರಿ ಅದೇ. ಹೊರಗಿನಿಂದ ನೋಡಿದರೆ ಸ್ವಲ್ಪ ಹಸಿರು ಹಿಡಿದಿದೆ, ಅಷ್ಟೇ. ಹುಡುಗ ಅದನ್ನು ಎರಡು ಬೆರಳಲ್ಲಿ ತಿರುಚಿದ. ಒಣಗಿದ ಹುಲ್ಲಿನಂತೆ ಎಳೆಗಳು ಮುರಿದು ಕೈಗೆ ಬಂದವು. ನೂರಾರು ಎಳೆಗಳಲ್ಲಿ ಗಟ್ಟಿಯಾಗಿ ಉಳಿದದ್ದು ಹತ್ತೋ ಹನ್ನೆರಡೋ. ಸಣ್ಣ ಕರೆಂಟಿಗೆ ಅಷ್ಟು ಎಳೆ ಸಾಕು. ನೂರಾರು ಆಂಪಿಯರ್ ಎಳೆಯುವ ಸೆಲ್ಫಿಗೆ ಸಾಲದು. ಹೊಸ ಪಟ್ಟಿಗೆ 180 ರೂಪಾಯಿ. ಲೋಹವನ್ನು ಉಪ್ಪುಕಾಗದದಿಂದ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದ. ಅಂದೇ ಸಂಜೆ ನಾನೂ ಒಂದು ಮಲ್ಟಿಮೀಟರ್ ಕೊಂಡೆ. ನನ್ನ ಬಳಿ ಇರುವ ಉಪಕರಣಗಳಲ್ಲಿ ಅದರಷ್ಟು ಹಣ ಉಳಿಸಿಕೊಟ್ಟದ್ದು ಬೇರಾವುದೂ ಇಲ್ಲ. ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟು ನೋಡಿದರೆ ಬ್ಯಾಟರಿ 12.6ರ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.4. ಈ ಎರಡು ಸಂಖ್ಯೆ ಗೊತ್ತಿದ್ದರೆ ಕೆಟ್ಟದ್ದು ಬ್ಯಾಟರಿಯೋ ಅದನ್ನು ತುಂಬುವ ಆಲ್ಟರ್ನೇಟರೋ ಎಂಬುದು ಅಂಗಡಿಗೆ ಹೋಗುವ ಮೊದಲೇ ತಿಳಿಯುತ್ತದೆ.

ಆ ಡೀಸೆಲ್ ಗಾಡಿಯ ಇನ್ನೊಂದು ರಾತ್ರಿಯನ್ನು ಬರೆಯದೆ ಮುಂದೆ ಹೋಗಲಾರೆ. 2014, ಹೆಬ್ಬಾಳು ಟೋಲ್ ಇನ್ನೂ ದೂರವಿತ್ತು, ಹತ್ತು ಗಂಟೆ ದಾಟಿತ್ತು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಎಳೆದು ಎಂಜಿನ್ ಆರಿತು. ಗಾಡಿ ಬಿಳಿ ಗೆರೆಯ ಆಚೆಗೆ ಪೂರ್ತಿ ಸರಿಯುವ ಮೊದಲೇ ನಿಂತಿತು, ಅರ್ಧ ಮೈ ರಸ್ತೆಯ ಮೇಲೆ. ನಾನು ಟಾರ್ಚ್ ಹಿಡಿದು ಬಾನೆಟ್ ಒಳಗೆ ಬಗ್ಗಿದ್ದೆ. ಹೆಂಡತಿ ಒಳಗೇ ಕೂತಿದ್ದಳು. ಒಂದು ಲಾರಿ ಗಾಳಿಯ ಗೋಡೆಯನ್ನೇ ತಳ್ಳಿಕೊಂಡು ಹಾದುಹೋಯಿತು, ಬಲಗಡೆಯ ಕನ್ನಡಿ ಚೂರಾಯಿತು. ಅಂಗೈಯಗಲ ಈ ಕಡೆ ಬಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಂದಿನಿಂದ ಹೆದ್ದಾರಿಯಲ್ಲಿ ಗಾಡಿ ನಿಂತರೆ ರಿಪೇರಿಯ ಯೋಚನೆ ಕೊನೆಗೆ. ಎಂಜಿನ್ ಮುಗ್ಗರಿಸಿದ ಕೂಡಲೇ, ಇರುವ ಓಟದಲ್ಲೇ ಎಡಕ್ಕೆ ಪೂರ್ತಿ ಇಳಿಸುತ್ತೇನೆ. ನಾಲ್ಕೂ ಇಂಡಿಕೇಟರ್ ಹಾಕುತ್ತೇನೆ. ಒಳಗಿದ್ದವರೆಲ್ಲ ಎಡಬಾಗಿಲಿನಿಂದ ಇಳಿದು ರಸ್ತೆಯಿಂದ ದೂರ, ಕಬ್ಬಿಣದ ತಡೆ ಇದ್ದರೆ ಅದರ ಆಚೆ ಹೋಗಬೇಕು. ಅದು ನಮ್ಮ ಮನೆಯ ನಿಯಮ, ಮಳೆ ಇದ್ದರೂ. ಕೆಂಪು ತ್ರಿಕೋನವನ್ನು ಕನಿಷ್ಠ ಐವತ್ತು ಹೆಜ್ಜೆ ಹಿಂದೆ ಇಡುತ್ತೇನೆ, ತಿರುವಿದ್ದರೆ ತಿರುವಿನ ಹಿಂದೆ. ಆಮೇಲೆ 1033ಕ್ಕೆ ಕರೆ. ಅದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ. ಆಗ ನಾಲ್ಕನೇ ನಂಬರ್ ಎಂದು ಕರೆಯುತ್ತಿದ್ದ, ಈಗ 48 ಆಗಿರುವ ನಮ್ಮ ಪುಣೆ-ಬೆಂಗಳೂರು ಹೆದ್ದಾರಿಗೂ ಅದೇ ಸಂಖ್ಯೆ. ನಿಂತ ಲಾರಿಗಳ ಸುತ್ತ ಕಲ್ಲು, ಮರದ ಕೊಂಬೆ ಇಡುವ ರೂಢಿ ನಮ್ಮಲ್ಲಿದೆ. ಲಾರಿ ಹೋದ ಮೇಲೂ ಕಲ್ಲುಗಳು ಅಲ್ಲೇ ಉಳಿಯುತ್ತವೆ, ರಾತ್ರಿ ಬೈಕಿನವರು ಬೀಳುತ್ತಾರೆ. ಇಟ್ಟವರೇ ತೆಗೆಯಬೇಕು. ಹಗಲಿನಲ್ಲಿ, ಗಾಡಿಯನ್ನು ಸುರಕ್ಷಿತವಾಗಿ ನಿಲ್ಲಿಸಲು ಜಾಗವಿದ್ದಾಗ, ಅಂತಹ ಕಲ್ಲುಗಳನ್ನು ಎಷ್ಟೋ ಸಲ ನಾನೇ ಉರುಳಿಸಿ ಬದಿಗೆ ಹಾಕಿದ್ದೇನೆ.

ಮೂರನೆಯದು ಈಗಿರುವ ಕಾರು. 2011ರ ಮಾದರಿ, ಕಾರ್ಬ್ಯುರೇಟರಿನ ಬದಲು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್, 2018ರಲ್ಲಿ ಕೊಂಡದ್ದು. ಮೂರು ವರ್ಷ ಯಾವ ತಕರಾರೂ ಇಲ್ಲದೆ ಓಡಿ, 2021ರ ಮಾರ್ಚ್‌ನಲ್ಲಿ ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವಾಗ ಐಮಂಗಲದ ಹತ್ತಿರ ಆರಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಕೂಡ ಅಲುಗದಷ್ಟು ಗಾಳಿಯಿಲ್ಲದ ಧಗೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಚಾಲೂ ಆಗದು. ಇಪ್ಪತ್ತೈದು ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಭರಮಸಾಗರವೇ ಮರುಕಳಿಸಿದಂತೆ ಅನಿಸಿ ಒದ್ದೆ ಬಟ್ಟೆ ಹುಡುಕಲು ಹೊರಟೆ. ಆದರೆ ಈ ಗಾಡಿಯಲ್ಲಿ ಪಂಪ್ ಟ್ಯಾಂಕಿನ ಒಳಗಿದೆ, ಪೆಟ್ರೋಲನ್ನು ಹೀರುವುದಿಲ್ಲ, ಹೊರಗಿನ ಒತ್ತಡದ ಮೂರು-ನಾಲ್ಕು ಪಟ್ಟು ಒತ್ತಡದಲ್ಲಿ ಮುಂದಕ್ಕೆ ದೂಡುತ್ತದೆ. ಆ ಒತ್ತಡದಲ್ಲಿ ಪೈಪಿನೊಳಗೆ ಪೆಟ್ರೋಲ್ ಕುದಿಯುವುದು ಬಲು ಕಷ್ಟ. ಲಕ್ಷಣ ಒಂದೇ, ಕಾರಣ ಅದಲ್ಲ.

ಪುಸ್ತಕ ತೆರೆದು ಬರೆಯತೊಡಗಿದೆ. ಐದು ಸಲ ನಿಂತಿತು. ಐದರಲ್ಲಿ ಮೂರು ಸಲ ಓಡುತ್ತಿರುವಾಗಲೇ, ಹಿಂದೆ ಎಲ್ಲೂ ನಿಲ್ಲಿಸದೆ. ಮುಗ್ಗರಿಸಲಿಲ್ಲ, ಸ್ವಿಚ್ ಆರಿಸಿದಂತೆ ಥಟ್ಟನೆ ಆರಿತು. ಪೆಟ್ರೋಲ್ ಸಾಲದಿದ್ದರೆ ಗಾಡಿ ಎಳೆದಾಡಿ ಸಾಯುತ್ತದೆ, ವಿದ್ಯುತ್ ತಪ್ಪಿದರೆ ಒಮ್ಮೆಗೇ ಸಾಯುತ್ತದೆ. ನಾಲ್ಕನೇ ಸಲ ಇನ್ನೊಂದು ಗಮನಿಸಿದೆ. ಸೆಲ್ಫ್ ತಿರುಗುವಾಗ ಎಂಜಿನ್ ವೇಗದ ಮುಳ್ಳು ಸ್ವಲ್ಪವಾದರೂ ಮೇಲೇಳಬೇಕು. ಅದು ಸೊನ್ನೆಯಲ್ಲೇ ಮಲಗಿತ್ತು. ಅಂದರೆ ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಎಂಜಿನ್ನನ್ನು ನಡೆಸುವ ಗಾಡಿಯ ಕಂಪ್ಯೂಟರಿಗೆ ತಲುಪುತ್ತಿಲ್ಲ. ತಲುಪದಿದ್ದರೆ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಸಿಂಪಡಿಸುವುದಿಲ್ಲ.

ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಸಣ್ಣ ಉಪಕರಣ ತರಿಸಿದೆ. ಐದನೇ ಸಲ ನಿಂತಾಗ ಅದು ಪಿ0335 ಎಂಬ ಸಂಕೇತ ತೋರಿಸಿತು, ಅಂದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್. ಹತ್ತು ವರ್ಷದ ಹಿಂದಿನ ನಾನಾಗಿದ್ದರೆ ಅಂದೇ ಹೊಸ ಸೆನ್ಸರ್ ಕೊಳ್ಳುತ್ತಿದ್ದೆ. ಸಂಕೇತ ಹೇಳುವುದು ಓಣಿಯ ಹೆಸರು ಮಾತ್ರ, ಮನೆಯ ನಂಬರ್ ಅಲ್ಲ. ತಂತಿ ಕೆಟ್ಟಿರಬಹುದು, ತಂತಿ ಸಿಕ್ಕಿಸುವ ಪ್ಲಗ್ ಸಡಿಲವಿರಬಹುದು. ಮೇಸ್ತ್ರಿಯವರ ಮಗನ ಜೊತೆ ಸೆನ್ಸರ್ ಬಿಚ್ಚಿದೆ. ನನ್ನ ಗಾಡಿಯದು ಒಳಗೆ ಸಣ್ಣ ತಂತಿ ಸುತ್ತಿದ ಮಾದರಿ. ಮಲ್ಟಿಮೀಟರ್ ಹಿಡಿದರೆ 860 ಓಮ್ ತೋರಿಸಿತು, ಸರಿಯಾಗಿಯೇ ಇತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಪಕ್ಕದ ಚಹಾದಂಗಡಿಯಿಂದ ಸ್ಟೀಲ್ ಲೋಟದಲ್ಲಿ ಕುದಿಯುವ ನೀರು ತರಿಸಿ ಒಳಗಿಟ್ಟೆವು. ಮೀಟರಿನ ಮುಳ್ಳುಗಳು ತಂತಿಗೆ ಸಿಕ್ಕಿಸಿಯೇ ಇದ್ದವು. 860, 900, 970. ಒಂದೂವರೆ ನಿಮಿಷಕ್ಕೆ ಅಂಕಿಗಳು ಒಮ್ಮೆ ಹಾರಿ ಮಾಯವಾದವು, ಪರದೆಯ ಮೇಲೆ ಸಂಪರ್ಕ ತಪ್ಪಿದ ಗುರುತು. ಲೋಟದಿಂದ ತೆಗೆದು ಕಲ್ಲಿನ ಮೇಲಿಟ್ಟು ಕಾದೆವು. ತಣ್ಣಗಾದಂತೆ ಮತ್ತೆ ಅಂಕಿ ಬಂತು. ಹುಡುಗ ಅಪ್ಪನನ್ನು ಕೂಗಿ ಕರೆದ. ಈಗ ಕಣ್ಣು ಮಂಜಾಗಿರುವ ಮೇಸ್ತ್ರಿ ಬಂದು ಲೋಟದ ಮೇಲೆ ಬಗ್ಗಿ, ಮೀಟರನ್ನು ಮುಖದ ಹತ್ತಿರ ಹಿಡಿದು, ಮತ್ತೊಮ್ಮೆ ಬಿಸಿನೀರಿಗೆ ಹಾಕಿಸಿ, ಅಂಕಿ ಹೋಗುವುದನ್ನು ತಾವೇ ನೋಡಿದರು. "ಬಿಸಿಯಾದಾಗ ತಂತಿ ಹಿಗ್ಗಿ ಬಿಟ್ಟುಕೊಳ್ಳುತ್ತಿದೆ" ಎಂದು ಎರಡು ಸಲ ಹೇಳಿದರು. ಆ ಸಂತೋಷವನ್ನು ನಾನು ಮರೆಯಲಾರೆ.

ಇಷ್ಟು ವರ್ಷದಲ್ಲಿ ಪುಸ್ತಕದಲ್ಲಿ 41 ಸಲ ನಿಂತ ದಾಖಲೆಯಿದೆ. ಎಂಜಿನ್ನಿನ ಹೊಟ್ಟೆಯೊಳಗಿನ ಕಾರಣಕ್ಕೆ ನಿಂತದ್ದು ಎರಡೇ ಸಲ. ಉಳಿದದ್ದರಲ್ಲಿ ಹೆಚ್ಚಿನವು ರಬ್ಬರು, ತಂತಿ, ನೀರು, ಬೆಲ್ಟ್. ಐದುನೂರು ರೂಪಾಯಿಯೊಳಗಿನ ವಸ್ತುಗಳು. ಈ ಲೆಕ್ಕ ಕಂಡ ಮೇಲೆ ನಾನು ಹಳೆಯ ಗಾಡಿ ಕೊಳ್ಳುವ ರೀತಿಯೇ ಬದಲಾಯಿತು. ಹೊಳೆಯುವ ಬಣ್ಣ, ಸೀಟಿನ ಹೊದಿಕೆ ನೋಡುವುದಿಲ್ಲ. ರಾತ್ರಿಯೆಲ್ಲ ನಿಂತ, ತಣ್ಣಗಿನ ಎಂಜಿನ್ನನ್ನು ನಾನೇ ಚಾಲೂ ಮಾಡಬೇಕು ಎಂದು ಹೇಳುತ್ತೇನೆ. ನಾನು ಹೋಗುವಷ್ಟರಲ್ಲಿ ಮಾರುವವರು ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯ ಬಣ್ಣದ ರಾಡಿ ಇದೆಯೇ, ಕೂಲಂಟಿನಲ್ಲಿ ಎಣ್ಣೆಯ ಪದರ ತೇಲುತ್ತಿದೆಯೇ ನೋಡುತ್ತೇನೆ. ಇದ್ದರೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬಲವಾಗುತ್ತದೆ, ಅಲ್ಲಿಂದಲೇ ವಾಪಸ್. ಉಳಿದ ಯಾವ ಕಾಯಿಲೆಗೂ ನಾನು ಹೆದರುವುದಿಲ್ಲ.

ಡಿಕ್ಕಿಯಲ್ಲಿ ಯಾವಾಗಲೂ ಐದು ಲೀಟರ್ ಡಿಸ್ಟಿಲ್ಡ್ ನೀರು, ಒಂದು ಹೆಚ್ಚುವರಿ ಬೆಲ್ಟ್, ಫ್ಯೂಸುಗಳ ಡಬ್ಬಿ, ಎರಡು ಅಳತೆಯ ಹೋಸ್ ಕ್ಲಿಪ್ಪು, ಮಲ್ಟಿಮೀಟರ್, ಟಾರ್ಚ್, ಎಳೆಯುವ ಹಗ್ಗ, ತ್ರಿಕೋನ ಇರುತ್ತವೆ. ಬೀಜದ ಚೀಲ ಎಷ್ಟೇ ತುಂಬಿದರೂ ಆ ಪೆಟ್ಟಿಗೆಯನ್ನು ಮಾತ್ರ ಕೆಳಗಿಳಿಸುವುದಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಎಲ್ಲ ರಬ್ಬರ್ ಪೈಪುಗಳನ್ನೂ ಒಂದೊಂದಾಗಿ ಹಿಸುಕಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಈ ವಾರ ರೇಡಿಯೇಟರಿನ ಮೇಲಿನ ಪೈಪ್ ಕ್ಲಿಪ್ಪಿನ ಬಳಿ ಉಬ್ಬಿದೆ, ಒತ್ತಿದರೆ ಉಳಿದ ಕಡೆಗಿಂತ ಮೆತ್ತಗಿದೆ, ಬಗ್ಗಿಸಿದರೆ ಕೂದಲೆಳೆಯಂತಹ ಬಿರುಕುಗಳು ಕಾಣುತ್ತವೆ. ಪುಸ್ತಕದಲ್ಲಿ ಬರೆದಿದ್ದೇನೆ: "ಮೇಲಿನ ಹೋಸ್, ಎಡತುದಿ, 1,18,400 ಕಿ.ಮೀ." ಪೈಪ್ ಮಂಡಿಪೇಟೆಯ ಅಂಗಡಿಯಲ್ಲಿ ಸಿಗುತ್ತದಂತೆ, ಹೇಳಿಟ್ಟಿದ್ದೇನೆ. ಗುರುವಾರ ಹೊಸದುರ್ಗಕ್ಕೆ ಹೋಗಬೇಕು. ಬುಧವಾರ ಸಂಜೆ ಗ್ಯಾರೇಜಿಗೆ ಬಿಡುತ್ತೇನೆ.